ಆವಕಾಯ ಕೇಳಿದ ದಿನ

ಅಳಿಯನಿಗೆ ಎದೆಯ ಆಪರೇಷನ್ ಇತ್ತು. ಈಗ ಚೆನ್ನಾಗಿದ್ದಾನೆ, ಅವನ ವಿಷಯ ಇಲ್ಲಿ ಬೇಡ. ನಾನು ವಿಜಯವಾಡದಿಂದ ವಿಶಾಖಪಟ್ಟಣದ ರೈಲು ಹತ್ತಿದ್ದೂ ಅವನಿಗಾಗಿ ಅಲ್ಲ, ಅವನಿಗೆ ಡಾಕ್ಟರುಗಳಿದ್ದರು. ಹತ್ತಿದ್ದು ಮೊಮ್ಮಗಳ ಫೋನಿನಿಂದ.

"ಅಮ್ಮಮ್ಮ, ಅಮ್ಮ ಎರಡು ದಿನದಿಂದ ಏನೂ ತಿಂತಿಲ್ಲ. ಬರೀ ಕಾಫಿ. ಸ್ಟ್ರೆಸ್ ಅಂತೆ. ನುವ್ವು ರಾ."

ನೀನು ಬಾ ಎಂದು ಅರ್ಥ. ಅವಳ ಕನ್ನಡ ಅರ್ಧ ದಾರಿಯಲ್ಲಿ ತೆಲುಗಾಗುತ್ತದೆ.

"ಸ್ಟ್ರೆಸ್ ಬಂದೋರ್ಗೆ ಹೊಟ್ಟೆ ಇರಲ್ವೇನೇ?" ಎಂದು ಬೈದು ಫೋನಿಟ್ಟೆ. ಒಳಗೆ ಮಾತ್ರ ಹೆದರಿಕೆಯಾಯಿತು. ನನ್ನ ಮಗಳು ಹಟಕ್ಕೆ ಬಿದ್ದರೆ ನೀರನ್ನೂ ಬಿಡುವವಳು.

ಅವಳಿಗೆ ನನ್ನ ಊಟದ ಮೇಲೆ ಹಳೆಯ ಸಿಟ್ಟಿದೆ. ಅವಳಪ್ಪ ಬ್ಯಾಂಕಿನವರು, ವರ್ಗವಾಗಿ ನಮ್ಮನ್ನು ತುಮಕೂರಿನಿಂದ ವಿಜಯವಾಡಕ್ಕೆ ತಂದವರು. ಭವಾನಿಪುರಂನ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ಗಂಡಸರು ಕೃಷ್ಣೆಯ ದಡದಿಂದ ಮರಳಿದ ಸಂಜೆ ಎದುರುಮನೆಯಾಕೆ ಬಿಸಿ ಅನ್ನ, ಸಪ್ಪೆ ಬೇಳೆ ತಂದು ಬಡಿಸಿದಳು. ಎಲ್ಲರೂ ಅನ್ನ ಕೆದಕುತ್ತಿದ್ದರು. ನಾನು ತಲೆಯೆತ್ತಿ, ಆವಕಾಯ ಇದೆಯಾ ಎಂದು ಕೇಳಿದೆ. ಸಾವಿನ ಮನೆಯಲ್ಲಿ ಮಾವಿನ ಉಪ್ಪಿನಕಾಯಿ ಕೇಳಿದ ಹೆಂಗಸನ್ನು ಅಲ್ಲಿದ್ದವರು ಯಾರೂ ನೋಡಿರಲಿಲ್ಲ. ಎದುರುಮನೆಯಾಕೆ ಹೋಗಿ ತಂದಳು. ಅನ್ನ ಕೆಂಪಾಗುವ ಹಾಗೆ ಕಲಸಿ ತಿಂದೆ. ಮತ್ತೆ ಕೇಳಿ ಹಾಕಿಸಿಕೊಂಡೆ. ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ ಮಗಳು ತಟ್ಟೆ ಬಿಟ್ಟು ಎದ್ದಳು.

ಆಮೇಲೆ ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾಳೆ. ಆದರೆ ನಾನು ಉಪ್ಪಿನಕಾಯಿ ಕೇಳಿದರೆ ಜಾಡಿ ತಂದಿಟ್ಟು ಒಳಗೆ ಹೋಗಿಬಿಡುತ್ತಾಳೆ.

ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಹೊರಗೆ ಕಬ್ಬಿಣದ ಕುರ್ಚಿಯ ಮೇಲೆ ಕುಳಿತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಪಕ್ಕದಲ್ಲಿ ಮೊಮ್ಮಗಳು. ಕ್ಯಾರಿಯರ್ ಬಿಚ್ಚಿ ಮೊಸರನ್ನ ಮುಂದಿಟ್ಟೆ.

"ಬೇಡಮ್ಮ. ಅವರು ಒಳಗೆ ಹಂಗೆ ಮಲಗಿರುವಾಗ ನಾನು ಹೆಂಗೆ ತಿನ್ನಲಿ?"

"ಬಾಯಿಂದ."

"ನಿಂಗಾಗುತ್ತೆ. ಅಪ್ಪ ಹೋದ ದಿನ ಉಪ್ಪಿನಕಾಯಿ ಕೇಳ್ಕೊಂಡು ತಿಂದೋಳು ನೀನು."

ಇಷ್ಟು ವರ್ಷಕ್ಕೆ ಬಾಯಿಬಿಟ್ಟಿದ್ದಳು. ನನಗೆ ಒಂಥರಾ ಹಗುರವಾಯಿತು.

"ಆವತ್ತು ಬೆಳಗ್ಗಿಂದ ನಂಗೆ ಅಳು ಬಂದಿರ್ಲಿಲ್ಲ ಕಣೇ. ಬಂದೋರೆಲ್ಲ ನನ್ನ ಮುಖಾನೇ ನೋಡೋರು. ಅತ್ರೆ ಹತ್ತು ಜನ ಬಂದು ತಬ್ಕೋತಾರೆ, ಆಮೇಲೆ ನನ್ನ ಕೈಲಿ ಏಳಕ್ಕಾಗಲ್ಲ, ನಿನ್ನ ನೋಡ್ಕೊಳ್ಳೋರ್ಯಾರು? ಖಾರಕ್ಕೆ ಕಣ್ಣಲ್ಲಿ ನೀರು ಬಂದ್ರೆ ಯಾರೂ ಸಮಾಧಾನ ಮಾಡಕ್ಕೆ ಬರಲ್ಲ. ಅದಕ್ಕೇ ಕೇಳ್ದೆ."

ಅವಳು ಮೊಸರನ್ನದ ಡಬ್ಬಿಯ ಅಂಚು ಒರೆಸಿದಳು.

"ಹಸಿವೂ ಆಗಿತ್ತು. ಸುಳ್ಯಾಕೆ ಹೇಳ್ಲಿ," ಎಂದೆ.

ಮಗಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ, "ತಂದಿದೀಯಾ?" ಎಂದಳು.

ಸೆರಗಿನ ಗಂಟು ಬಿಚ್ಚಿ ಸಣ್ಣ ಡಬ್ಬಿ ತೆಗೆದೆ. ಮೊಸರನ್ನದ ಮೇಲೆ ಒಂದು ಹೋಳು ಹಾಕಿದೆ. ಕಲಸಿ ಮೊದಲ ತುತ್ತು ಬಾಯಿಗಿಟ್ಟಳು. ಮೂರನೆಯದಕ್ಕೆ ಮೂಗು ಸೋರಿತು, ಕಣ್ಣೀರು ಹರಿಯಿತು, ಭುಜ ಅಲುಗತೊಡಗಿತು. ಮೊಮ್ಮಗಳು ನೀರಿನ ಬಾಟಲಿ ಹಿಡಿದು ಎದ್ದಳು. ಅವಳ ಕೈ ಹಿಡಿದು ಕೂರಿಸಿದೆ.

"ಸುಮ್ನಿರು. ಖಾರ ಅಷ್ಟೆ."

ನಾನೂ ಮೊಮ್ಮಗಳೂ ಎದುರಿನ ಗೋಡೆ ನೋಡುತ್ತ ಕುಳಿತೆವು. ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಮಗಳು ಡಬ್ಬಿಯನ್ನು ನನ್ನ ಕಡೆ ಚಾಚಿದಳು.

"ಇನ್ನೊಂದು ಹೋಳು ಹಾಕಮ್ಮ."