ಪರದೆ ಕೊಳ್ಳುವ ಸಂಶೋಧಕಿ

ತಾಯಂದಿರ, ಹದಿಹರೆಯದ ಮಕ್ಕಳ ಮನಸ್ಸನ್ನು ಅಧ್ಯಯನ ಮಾಡುವ ಈ ಮೇಡಂ ಪರದೆ ಬಟ್ಟೆಗೆ ನನ್ನ ಅಂಗಡಿಗೆ ಬಂದರೆ ಬಣ್ಣ ನೋಡುವುದಿಲ್ಲ. ಅವರು ಹುಡುಗಿಯರನ್ನು ಮಾತಾಡಿಸುವ ಕೋಣೆಯ ಆಚೆ ಕಾಯುವ ತಾಯಿಗೆ ಒಳಗಿರುವ ಮಗಳ ಮುಖ ಕಾಣದಿದ್ದರೆ ಸಾಕು. ಬೆಲೆ ಹೇಳಿದರೆ, "ಅಷ್ಟಾಗ್ಬೇಕು ಅಂತ ನಿಮಗ್ಯಾಕೆ ಅನ್ಸುತ್ತೆ?" ಎಂದು ಕೇಳಿ ಬರೆದುಕೊಳ್ಳಲು ಪೆನ್ನು ತೆಗೆಯುತ್ತಾರೆ, ನಾನೇ ಗಾಬರಿಯಾಗಿ ಇಳಿಸುತ್ತೇನೆ. "ನನ್ನ ಮಗಳು ಏನಂದ್ಲು?" ಎಂದು ತಾಯಂದಿರು ಬೆನ್ನುಬಿದ್ದರೆ, "ಹೇಳೋ ಹಾಗಿಲ್ಲಮ್ಮಾ" ಎಂಬ ಒಂದೇ ಪಲ್ಲವಿ. ಮೊನ್ನೆ ಅವರ ಕೋಣೆಯೊಳಗೆ ಕುಳಿತಿದ್ದವಳು, ನಮ್ಮೊಡನೆ ಮಾತು ಬಿಟ್ಟಿದ್ದ ನನ್ನ ಮಗಳೇ; ಆಚೆ ನನ್ನ ಪಕ್ಕದಲ್ಲಿ ಹೆಂಡತಿ ಅಳುತ್ತಿದ್ದಳು. ಮೇಡಂ ಹೊರಬಂದೊಡನೆ, "ಒಂದೇ ಒಂದು ಮಾತು ಹೇಳಿ ಮೇಡಂ, ಪರದೆ ಪುಕ್ಕಟೆ ಕೊಡ್ತೀನಿ" ಎಂದೆ. ಅವರು ಒಳಹೋಗಿ ಮಗಳನ್ನೇ ಕೇಳಿಬಂದರು: "ಮನೇಲಿ ಅವಳೇ ಹೇಳ್ತಾಳಂತೆ. ನೀವಿಬ್ರೂ ಮಧ್ಯೆ ಬಾಯಿ ಹಾಕ್ಬೇಡಿ." ಆಮೇಲೆ ಮೆಲ್ಲಗೆ, "ನಾನು ಹಾಗೆ ಬಾಯಿ ಹಾಕಿದ್ದೆ. ನನ್ನ ಮಗಳು ಮತ್ತೆ ಏನೂ ಹೇಳ್ಲೇ ಇಲ್ಲ" ಎಂದರು.