ದೀನಾಬಾಯಿಯ ಹತ್ತು ನಿಮಿಷ

ಮುಂಬಯಿ ರೇಡಿಯೋ ಕಚೇರಿಯ ಕಾಗದ ನೆಹೆಮಿಯಾ ಮಾಸ್ತರರ ಮನೆಗೆ ಬಂದಾಗ, ಅದು ಯಾರ ಹೆಸರಿಗೆ ಬಂದಿತ್ತೋ ಆ ದೀನಾಬಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ಮಾಸ್ತರರು ಬಾಗಿಲಲ್ಲೇ ನಿಂತು ಹೆಂಡತಿಯ ಕಾಗದ ಒಡೆದು ಓದಿದರು. ಊರಿನ ಆಗುಹೋಗು, ಕಲೆ, ನಡೆನುಡಿಗಳ ಬಗ್ಗೆ ಮೂವರು ಮಾತಾಡುವ ಹತ್ತು ನಿಮಿಷದ ಕಾರ್ಯಕ್ರಮಕ್ಕೆ ಆಕೆ ಬರೆದು ಕೇಳಿದ್ದಳಂತೆ. ಅದು ಕಚೇರಿಯವರಿಗೆ ಹಿಡಿಸಿತ್ತು. ಪೂರ್ತಿ ಬರಹ ಇಪ್ಪತ್ತೈದನೆಯ ತಾರೀಖಿನೊಳಗೆ ಅಂಚೆಗೆ ಬೀಳಬೇಕು. ತಪ್ಪಿದರೆ ಆ ಹೊತ್ತು ಬೇರೆಯವರಿಗೆ.

ಮಾಸ್ತರರು ಕಾಗದ ಮಡಿಚಿಟ್ಟು ಮಿಶನ್ ಸಾಲೆಗೆ ಹೋಗಿ ನಾಲ್ಕನೆಯ ಇಯತ್ತೆಗೆ ಭಾಗಾಕಾರ ಕಲಿಸಿದರು. ಈ ಎರಡು ತಿಂಗಳು ಅವರು ಎಲ್ಲವನ್ನೂ ಹೀಗೆಯೇ ಮಾಡುತ್ತಿದ್ದರು. ಚಹಾಕ್ಕೆ ಸಕ್ಕರೆ ಬಿದ್ದಿದೆಯೋ ಇಲ್ಲವೋ ಎಂಬುದು ಕುಡಿದ ಮೇಲೂ ಅವರಿಗೆ ತಿಳಿಯುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಅಂಚೆಯವನಿಗಿಂತ ಸುದ್ದಿಗೆ ಕಾಲು ಚುರುಕು. ಸಂಜೆಗೇ ಹೆಬಸೂರ ವಕೀಲರು ಬಂದರು. ಅವರು ನಾಗರಿಕ ಸಂಸ್ಕೃತಿ ಮಂಡಳದ ಅಧ್ಯಕ್ಷರು. ಆ ಮಂಡಳಕ್ಕೆ ಏಳು ಜನ ಪದಾಧಿಕಾರಿಗಳು, ಒಬ್ಬ ಸದಸ್ಯ. ಆ ಒಬ್ಬನೂ ಮುಂದಿನ ಚುನಾವಣೆಗೆ ನಿಲ್ಲುವವನಿದ್ದ.

“ಮಾಸ್ತರ, ಇದು ಬರೇ ನಿಮ್ಮ ಮನಿ ಕಾಗದ ಅಲ್ರೀ. ಊರಿಗೆ ಬಂದ ಮರ್ಯಾದಿ.”

“ಹೌದ್ರಿ.”

“ಬಾಯಾರು ಹೋದ್ರು, ಖರೇ. ಆದ್ರ ನಾವು ಇದ್ದೇವಲ್ಲ?”

“ಇದ್ದೀರಿ,” ಎಂದರು ಮಾಸ್ತರರು.

ದೀನಾಬಾಯಿ ಬರೆದಿಟ್ಟ ಒಂದು ಪುಟದ ಯೋಜನೆ ಮೇಜಿನ ಮೇಲಿತ್ತು. ನಳದ ಹತ್ತಿರ ಮೂವರು ಹೆಂಗಸರ ಮಾತು. ಚಿಮಣಿ ಎಣ್ಣೆಗೆ ನಿಲ್ಲುವ ಪಾಳಿ. ಕಾಲರಾದ ಸೂಜಿಗೆ ಹೆದರಿ ಜನ ಯಾಕೆ ಓಡಿಹೋಗುತ್ತಾರೆ. ನಾಟಕದ ಥಿಯೇಟರಿನಲ್ಲಿ ಹೆಂಗಸರನ್ನು ಕಂಬದ ಹಿಂದೆಯೇ ಯಾಕೆ ಕೂಡಿಸುತ್ತಾರೆ. ವಕೀಲರು ಓದಿ ಚಷ್ಮಾ ತೆಗೆದರು. “ಬಿಂದಿಗಿ ಸಪ್ಪಳಾ ಮುಂಬೈತನಕ ಯಾಕ್ರಿ ಕಳಸೂದು?”

ಮಂಡಳ ಮಾಸ್ತರರ ಮನೆಯಲ್ಲೇ ಮೂರು ಸಲ ಕೂಡಿತು. ಎಣ್ಣೆಯ ಪಾಳಿ ಹೋಗಿ ‘ಜಾಗತಿಕ ಯುದ್ಧದಲ್ಲಿ ಹುಬ್ಬಳ್ಳಿಯ ಪಾತ್ರ’ ಬಂತು. ಕಂಬದ ಜಾಗದಲ್ಲಿ ‘ರಂಗಭೂಮಿಯ ಐದು ಸಾವಿರ ವರ್ಷ’ ಎದ್ದು ನಿಂತಿತು. ಮೂವರು ಹೆಂಗಸರು ಹೋಗಿ ವಕೀಲರು, ಒಬ್ಬ ನಿವೃತ್ತ ಮಾಮಲೇದಾರರು, ಒಬ್ಬ ಹತ್ತಿ ದಲಾಲರು ಬಂದರು. ಗಣ್ಯರು ಕೂಡಿದ ಮೇಲೆ ಸಭೆಯಂತೆ ನಡೆಯದಿದ್ದರೆ ಹೇಗೆ? ಪ್ರಾರ್ಥನೆ, ಸ್ವಾಗತ, ಅಧ್ಯಕ್ಷರ ಪರಿಚಯ, ಅಧ್ಯಕ್ಷೀಯ ಭಾಷಣ, ಕೊನೆಗೆ ಆಭಾರ ಮನ್ನಣೆ ಎಲ್ಲ ಸೇರಿದವು. ರೇಡಿಯೋದಲ್ಲಿ ಹಾರ ಕಾಣುವುದಿಲ್ಲವಲ್ಲ ಎಂದು ದಲಾಲರು ಸಂಶಯ ಎತ್ತಿದರು.

“ಹಾಕಿದ್ವಿ ಅಂತ ಹೇಳಬಹುದಲ್ರೀ!” ಎಂದರು ವಕೀಲರು.

ಗಡಿಯಾರ ಹಿಡಿದು ಕೂತಿದ್ದ ಮಾಸ್ತರರನ್ನು ಎಲ್ಲಕ್ಕೂ ಹೊತ್ತೆಷ್ಟಾಯಿತೆಂದು ವಕೀಲರು ಕೇಳಿದರು.

“ಮೂರೂ ಮಂದಿ ಮಾತಾಡಲಿಕ್ಕೆ ಅರ್ಧ ನಿಮಿಷ ಉಳೀತದರಿ.”

“ಸಾಕಾತು. ವಾದ ಬೆಳದ್ರ ಛಲೋ ಅಲ್ಲ.”

ಮಾಮಲೇದಾರರು ಮೆತ್ತಗಿನ ಮನುಷ್ಯ. “ಬಾಯಾರ ಹೆಸರು ಆಭಾರದಾಗ ಹೇಳೂಣು,” ಎಂದರು, “ಹೊತ್ತು ಉಳದ್ರ.”

“ಆಗಲ್ರಿ,” ಎಂದರು ಮಾಸ್ತರರು. ಮನೆಯ ಹಂಚು ಇಳಿಸಿಕೊಂಡು ಹೋಗುತ್ತೇವೆ ಎಂದಿದ್ದರೂ ಅಷ್ಟೇ ಅನ್ನುತ್ತಿದ್ದರು.

ಇಪ್ಪತ್ತಮೂರನೆಯ ತಾರೀಖು ರವಿವಾರ, ಬಳೆ ಮಾರುವ ಖಾತುನಬಿ ಬುಟ್ಟಿ ಹೊತ್ತುಕೊಂಡು ಬಂದಳು. ಜೊತೆಗೆ ಹತ್ತಿ ಮಿಲ್ಲಿನ ಈರವ್ವ.

“ಮಾಸ್ತರ, ಮುಂಬೈಕ್ಕ ಯಾವಾಗ್ರಿ ಹೋಗೂದು? ಕಾಗದಾ ಬಂದೈತಂತಲ್ಲ.”

“ನಾ ಮಿಲ್ಲಿನ್ಯಾಗ ರಜಾ ಕೇಳಬೇಕ್ರಿ,” ಎಂದಳು ಈರವ್ವ.

ಮಾಸ್ತರರಿಗೆ ಗೊತ್ತಿರಲಿಲ್ಲ. ಆ ಮೂವರು ಹೆಂಗಸರೆಂದರೆ ದೀನಾ ಮತ್ತು ಇವರಿಬ್ಬರು. ನಾಲ್ಕು ತಿಂಗಳು ನಳದ ಹತ್ತಿರ ತಾಲೀಮು ನಡೆದಿತ್ತು. ಖಾತುನಬಿ ಬುಟ್ಟಿಯ ತಳದಿಂದ ಒಂದು ವಹಿ ತೆಗೆದಳು. ಪೂರ್ತಿ ಮಾತು ದೀನಾಳ ಅಕ್ಷರದಲ್ಲಿತ್ತು. “ನಮಗ ಓದಾಕ ಬರೂದಿಲ್ರಿ. ಬಾಯಾರ ಬಾಯಿಂದ ಕೇಳಿ ಕಲತೇವಿ. ಜ್ವರದಾಗೂ ಕೇಳಿದ್ರು, ಖಾತುನಾ ಕಂಬದ ಮಾತು ಮರ್ತಿಲ್ಲಲ್ಲ ಅಂತ. ನೀವು ಔಷಧ ತರಾಕ ಹೋಗಿದ್ರಿ.”

“ಈಗ ವಕೀಲರು ಬರ್ಯಾಕತ್ತಾರವಾ.”

“ವಕೀಲ್ರು ನಳಕ್ಕ ಬರ್ತಾರೇನ್ರಿ?”

“ಬರಲೇಳ, ಪಾಳಿ ಹಚ್ಚಲಿ,” ಎಂದು ಈರವ್ವ ಸೆರಗು ಬಿಗಿದು ತಾಲೀಮಿನ ಮಾತು ಅಲ್ಲೇ ಶುರು ಮಾಡಿದಳು: “ನಾಟಕ ನೋಡಿದೇನ ಖಾತುನವ್ವಾ?”

“ನೋಡೇನಬೇ. ರಾಜಾನ ಬಲಗೈ ನೋಡಿದೆ. ಉಳದ ರಾಜಾ ಕಂಬದ ಆಚಿಕಿದ್ದ.”

ಮಾಸ್ತರರಿಗೆ ನಗು ಬರಲಿಲ್ಲ. ಇದು ನಗಬೇಕಾದ ಜಾಗ ಎಂದು ಮಾತ್ರ ತಿಳಿಯಿತು. ಎರಡು ತಿಂಗಳಲ್ಲಿ ಅಷ್ಟು ತಿಳಿದದ್ದೂ ಅದೇ ಮೊದಲು.

ಅವರಿಬ್ಬರೂ ಹೋದ ಮೇಲೆ ಮಾಸ್ತರರು ವಹಿಯನ್ನು ಹಾಳೆಗಳಿಗೆ ಇಳಿಸಿದರು. ಜೊತೆಗೊಂದು ಕಾಗದ ಬರೆದರು: ಇದನ್ನು ಬರೆದ ನನ್ನ ಹೆಂಡತಿ ತೀರಿಕೊಂಡಿದ್ದಾಳೆ, ಇಬ್ಬರು ಸಿದ್ಧರಿದ್ದಾರೆ, ಮೂರನೆಯವರನ್ನು ಗೊತ್ತು ಮಾಡುತ್ತೇವೆ. ‘ತೀರಿಕೊಂಡಿದ್ದಾಳೆ’ ಎಂದು ಅವರ ಕೈ ಬರೆದದ್ದು ಅದೇ ಮೊದಲ ಸಲ. ಅಕ್ಷರಗಳು ಎಂದಿನಂತೆ ದುಂಡಗೇ ಬಂದವು. ಮರುದಿನ ಸಾಲೆಗೆ ಹೋಗುವಾಗ ಅಂಚೆಗೆ ಹಾಕಿದರು.

ಸಂಜೆ ವಕೀಲರು ಹದಿನಾರು ಪುಟದ ಬರಹ ಹಿಡಿದುಕೊಂಡು ಬಂದರು.

“ಕಳಿಸಿದೆನ್ರಿ,” ಎಂದರು ಮಾಸ್ತರರು.

“ಏನು ಕಳಿಸಿದ್ರಿ? ನಮ್ಮದು ಇಲ್ಲೇ ಅದ!”

“ಆಕೀದು.”

ವಕೀಲರು ಕುರ್ಚಿಯ ಮೇಲೆ ಕೂತು ತಮ್ಮ ಹಾಳೆ ತಿರುವಿದರು. ಸ್ವಾಗತ ಹೋಯಿತು, ಅಧ್ಯಕ್ಷರೇ ಹೋದರು. ಆದರೆ ಅವರಿಗೆ ತಡೆದುಕೊಳ್ಳಲಾಗದ್ದು ಕೊನೆಯದು. “ಆಭಾರ ಇಲ್ಲದ ಕಾರ್ಯಕ್ರಮ! ಮುಗೀತು ಅಂತ ಜನಕ್ಕ ಹ್ಯಾಂಗ ತಿಳೀಬೇಕ್ರಿ?”

“ಮಾತು ನಿಲ್ತದಲ್ರಿ,” ಎಂದರು ಮಾಸ್ತರರು.

ಮುಂದಿನ ರವಿವಾರ ಇಬ್ಬರೂ ಮತ್ತೆ ಬಂದರು. ಮುಂಬಯಿಯ ಉತ್ತರ ಇನ್ನೂ ಬಂದಿರಲಿಲ್ಲ, ಮೂರನೆಯವಳೂ ಸಿಕ್ಕಿರಲಿಲ್ಲ. “ಅಲ್ಲೀತನಕ ಬಾಯಾರ ಮಾತು ನೀವ ಓದ್ರಿ,” ಎಂದು ಖಾತುನಬಿ ಮೇಜಿನ ಮೇಲಿದ್ದ ವಹಿಯನ್ನು ಅವರ ಕೈಗಿಟ್ಟಳು.

“ಚಿಮಣಿ ಎಣ್ಣಿ ಸಿಕ್ತೇನ ಈರವ್ವಾ,” ಎಂದು ಓದಿದರು ಮಾಸ್ತರರು.

“ಹಾಜರಿ ಕರದಂಗಾತ್ರಿ,” ಎಂದಳು ಖಾತುನಬಿ.

“ಹಾಜರ್ ಅನ್ನಲೇನ್ರಿ ಮತ್ತ?” ಈರವ್ವ ಕೈಯೆತ್ತಿದಳು.

ಮಾಸ್ತರರು ವಹಿಯನ್ನು ಕಣ್ಣಿನ ಹತ್ತಿರ ತಂದರು. ಸಾಲಿನ ಮೇಲೆ ಪೆನ್ಸಿಲಿನಲ್ಲಿ ದೀನಾ ಸಣ್ಣದಾಗಿ ಗುರುತು ಮಾಡಿದ್ದಳು: ‘ಇಲ್ಲಿ ಉಸಿರು’. ನಕಲು ಮಾಡುವಾಗ ಅದು ಕಣ್ಣಿಗೆ ಬಿದ್ದಿರಲಿಲ್ಲ. ಅವರು ಉಸಿರೆಳೆದುಕೊಂಡರು, ಮತ್ತೆ ಮೊದಲಿನಿಂದ ಓದಿದರು.