ರಿಜಿಸ್ಟರಿನಲ್ಲಿ ಇಲ್ಲದ ಒಂದೂವರೆ ಗಂಟೆ

ಬೆಳಿಗ್ಗೆ ಐದೂವರೆಗೆ ನೀರು ಬಂತು, ಎರಡೂ ಡ್ರಮ್ ತುಂಬಿಸಿಟ್ಟೆ. ಹಾಲು ಕಾಯಿಸಿದೆ. ಮನೆಯವರು ಫೋರ್ಟಿನ ಆಫೀಸಿಗೆ ಹೋಗುವವರು, ಅವರ ಡಬ್ಬಿ ಕಟ್ಟಿಕೊಟ್ಟೆ. ಲೈಟ್ ಬಿಲ್ ಮೊಬೈಲಿನಲ್ಲಿ ತುಂಬಿದೆ, ಎರಡನೇ ಸಲಕ್ಕೆ ಹೋಯಿತು. ಬಾಲ್ಕನಿಯ ಪಾರಿವಾಳದ ಹೊಲಸು ತೊಳೆದೆ. ಕುಕ್ಕರಿನ ರಬ್ಬರನ್ನು ತಣ್ಣೀರಿನಲ್ಲಿಟ್ಟು ಮತ್ತೆ ಹಾಕಿ ನೋಡಿದೆ, ಅದರ ಕಾಲ ಮುಗಿದಿತ್ತು. ಹೊಸದು ತರೋಣವೆಂದು ಚೀಲ ಹಿಡಿದು ಕೆಳಗಿಳಿದೆ.

ಗೇಟಿನ ಹತ್ತಿರ ಪೇಂಟರುಗಳು ಮರಗಳ ಬುಡಕ್ಕೆ ಬಳಿಯಲೆಂದು ತಗಡಿನ ಡಬ್ಬಿಯಲ್ಲಿ ಸುಣ್ಣ ನೆನೆಹಾಕಿದ್ದರು. ಅದಿನ್ನೂ ಬುಳುಬುಳು ಅನ್ನುತ್ತಿತ್ತು. ಆ ಬಿಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲಿಗೆ ಹೊರಟಿದ್ದೆ ಎನ್ನುವುದೇ ಮರೆತು ನಿಂತೆ. ಮೈದಾನದ ಕಾಕಾನ ಕೈಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು...

ಹನ್ನೆರಡೋ ಹದಿಮೂರೋ ವರ್ಷಗಳ ಹಿಂದಿನ ಮಾತು. ಮುಂಬಯಿಯ ಭಾಂಡುಪಿನಲ್ಲಿ ನಮ್ಮ ಬಿಲ್ಡಿಂಗಿನ ಎದುರಿಗೆ ಪಾಲಿಕೆಯ ಒಂದು ಮೈದಾನವಿತ್ತು. ಈಗಲೂ ಇದೆ. ಅದರ ಒಂದು ಬದಿಗೆ ನಮ್ಮಂಥ ನಾಲ್ಕು ಬಿಲ್ಡಿಂಗುಗಳು, ಇನ್ನೊಂದು ಬದಿಗೆ ಸಾಲಾಗಿ ಒಂದೊಂದೇ ಖೋಲಿಯ ಮನೆಗಳ ಚಾಳು. ಚಾಳಿನಲ್ಲಿ ಹೆಚ್ಚಿನವರು ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಅವರ ಹೆಂಗಸರು ನಮ್ಮ ಬಿಲ್ಡಿಂಗುಗಳಲ್ಲಿ ಪಾತ್ರೆ ಭಾಂಡೆ, ಕಸ, ಅಡುಗೆ ನೋಡಿಕೊಳ್ಳುತ್ತಿದ್ದರು. ಮೈದಾನ ಕಾಯುವವನನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ಅವನೂ ಆ ಕಡೆಯವನೇ. ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದು, ಅದು ಮುಚ್ಚಿದ ಮೇಲೆ ಯಾರೋ ಕಾಂಟ್ರ್ಯಾಕ್ಟರನ ಕೈಕೆಳಗೆ ಈ ಕೆಲಸಕ್ಕೆ ಸೇರಿದ್ದ. ಅವನ ಹೆಸರೇನೆಂದು ನಾನು ಒಂದು ದಿನವೂ ಕೇಳಲಿಲ್ಲ.

ಮೈದಾನಕ್ಕೆ ಯಾವ ಸವಲತ್ತೂ ಇರಲಿಲ್ಲ. ನಲ್ಲಿ ಮುರಿದಿತ್ತು, ದೀಪದ ಕಂಬಕ್ಕೆ ದೀಪವಿರಲಿಲ್ಲ, ಬೇಲಿಯ ತಂತಿಯನ್ನು ಕಾಕಾನೇ ಹಗ್ಗದಿಂದ ಬಿಗಿದಿದ್ದ. ಒಮ್ಮೆ ನಾನು, "ಪಾಲಿಕೆಯವರಿಗೆ ಹೇಳಬಾರದೇನು ಕಾಕಾ?" ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟ.

"ಅವರಿಗೆ ಈ ಮೈದಾನದ ನೆಪ್ಪ ಇಲ್ರೀ ಬಾಯಾರ. ನಮ್ಮ ಪುಣ್ಯಾ ಅದು. ನೆಪ್ಪಾತಂದ್ರ ಏನರ ಕಟ್ಟಾಕ ಬರ್ತಾರ."

ಆಡಲು ಬರುವ ಹುಡುಗರಿಗೆ ಅವನದೊಂದು ಪದ್ಧತಿಯಿತ್ತು. ಯಾರಿಗೆ ಆಡಬೇಕೋ ಅವರು ಬಂದು ಗೇಟಿನ ಒಳಗೆ ತಮ್ಮದೊಂದು ಚಪ್ಪಲಿಯನ್ನು ಸಾಲಿನಲ್ಲಿ ಇಡಬೇಕು. ಚಪ್ಪಲಿ ಇಟ್ಟ ಪ್ರಕಾರ ಪಾಳಿ. ನಮ್ಮ ಬಿಲ್ಡಿಂಗಿನ ಮಕ್ಕಳ ದುಬಾರಿ ಬೂಟು, ಅದರ ಹಿಂದೆ ಚಾಳಿನ ಹುಡುಗನ ಹರಕು ರಬ್ಬರ್ ಚಪ್ಪಲಿ, ಅದರ ಹಿಂದೆ ಮತ್ತೊಂದು ಬೂಟು. ಯಾರಾದರೂ ತಕರಾರು ತೆಗೆದರೆ ಕಾಕಾ ಕಣ್ಣೆತ್ತದೆ, "ಹೋಗಿ ಚಪ್ಪಲೀನ ಕೇಳಪಾ" ಅನ್ನುತ್ತಿದ್ದ. ಯಾವ ಹೊತ್ತಿಗೆ ಯಾರು ಆಡಿದರು ಎನ್ನುವುದನ್ನು ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದ. ಬೆಳಿಗ್ಗೆ ವಾಕಿಂಗಿನವರು, ಸಂಜೆ ಕ್ರಿಕೆಟ್, ಭಾನುವಾರ ಯೋಗ. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯ ಜಾಗದಲ್ಲಿ ಮಾತ್ರ ಪೆನ್ಸಿಲಿನ ಒಂದು ಅಡ್ಡಗೆರೆ.

ಆ ಗೆರೆಯ ಅರ್ಥ ನನಗೆ ತಿಳಿದದ್ದು ಆಕಸ್ಮಿಕವಾಗಿ. ಒಂದು ಮಧ್ಯಾಹ್ನ ಹಿಟ್ಟಿನ ಗಿರಣಿಯಿಂದ ಬರುತ್ತಿದ್ದೆ. ಮೈದಾನದ ಗೇಟಿಗೆ ಒಳಗಿನಿಂದ ಕೀಲಿ ಬಿದ್ದಿತ್ತು. ಕಾಕಾ ಸ್ಟೂಲಿನ ಮೇಲೆ ಮೈದಾನಕ್ಕೆ ಬೆನ್ನು ಮಾಡಿ, ರಸ್ತೆಯನ್ನೇ ನೋಡುತ್ತ ಕೂತಿದ್ದ. ಒಳಗಿನಿಂದ ಹೆಂಗಸರ ನಗು, ಕೂಗು.

"ಒಳಗ ಏನ ನಡದದ ಕಾಕಾ?"

"ಏನೂ ಇಲ್ರೀ ಬಾಯಾರ. ಮೈದಾನ ಮಲಕೊಂಡೈತಿ."

"ಮಲಕೊಂಡ ಮೈದಾನ ಇಷ್ಟ ನಗತದೇನು?"

"ಕನಸು ಬಿದ್ದಿರಬೇಕ್ರಿ," ಅಂದ. ಅವನ ಮುಖ ಮಾತ್ರ ನಗಲಿಲ್ಲ.

ಅಷ್ಟರಲ್ಲಿ ನಮ್ಮ ಬಿಲ್ಡಿಂಗುಗಳಿಗೆ ಮರೆಯಾಗಿದ್ದ ಮರಗಳ ಆಚೆ, ಬೇಲಿಯ ಸಂದಿಯಲ್ಲಿ ನೀಲವ್ವನ ಸೀರೆ ಕಾಣಿಸಿತು. ನೀಲವ್ವ ನಮ್ಮ ಮನೆಯ ಭಾಂಡೆ ತಿಕ್ಕುವವಳು. ಎರಡೂವರೆಯಾಯಿತೆಂದರೆ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡುತ್ತಿದ್ದಳು, ಇನ್ನೊಂದು ಮನೆಯ ಕೆಲಸವಿರಬೇಕು ಎಂದುಕೊಂಡಿದ್ದೆ. ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಅವಳು ಖೋಖೋ ಆಡುತ್ತಿದ್ದಳು! ಅವಳ ಜೊತೆ ಹತ್ತು ಹನ್ನೊಂದು ಹೆಂಗಸರು, ಎಲ್ಲರೂ ಮೂವತ್ತು ದಾಟಿದವರು. ನೆಲದ ಮೇಲೆ ಬಿಳಿ ಸುಣ್ಣದ ಗೆರೆ. ಆ ಗೆರೆಗಳನ್ನು ಕಾಕಾ ದಿನವೂ ತನ್ನ ಖರ್ಚಿನಲ್ಲಿ ತಂದ ಸುಣ್ಣದಿಂದ ಎಳೆಯುತ್ತಿದ್ದ, ನಾಲ್ಕೂವರೆಗೆ ಕಸಬರಿಗೆ ತಗೊಂಡು ಗುಡಿಸಿಬಿಡುತ್ತಿದ್ದ. ಹುಡುಗರು ಬರುವ ಹೊತ್ತಿಗೆ ಏನೂ ನಡೆದೇ ಇಲ್ಲ ಎನ್ನುವಂತೆ.

ಮರುದಿನ ನೀಲವ್ವ ಭಾಂಡೆ ತಿಕ್ಕುತ್ತ ತಲೆ ಎತ್ತಲಿಲ್ಲ. ನಾನೇ ಕೇಳಿದೆ, ನನ್ನನ್ನೂ ಕರೆದುಕೊಂಡು ಹೋಗುತ್ತೀಯಾ ಎಂದು. ಧಾರವಾಡದ ಶಾಲೆಯಲ್ಲಿ ನಾನೂ ಆಡಿದವಳು. ಡಾಕ್ಟರು ಬೇರೆ ಸಕ್ಕರೆ ಏರಿದೆ, ಮೈ ಬೆವರಿಸಿರಿ ಅಂದಿದ್ದರು. ನೀಲವ್ವ ಕೈ ತೊಳೆದುಕೊಂಡಳು. ಆಮೇಲೆ, "ಮನ್ಯಾಗ ಹೇಳಬ್ಯಾಡ್ರಿ ಮತ್ತ," ಅಂದಳು.

ಮೊದಲ ದಿನ ನಾಲ್ಕು ಹೆಜ್ಜೆಗೇ ಏದುಸಿರು. ಬೆನ್ನಟ್ಟಿ ಬಂದ ನೀಲವ್ವ ನನ್ನ ಬೆನ್ನಿಗೆ ಛಟ್ಟನೆ ಹೊಡೆದು, "ಓಡ್ರೀ ಬಾಯಾರ, ಇಲ್ಲೇನ್ ಕುರ್ಚಿ ಹಾಕಿಲ್ಲ ನಿಮಗ!" ಎಂದು ಕೂಗಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮನೆಯಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಣ್ಣಿನಲ್ಲಿ ಅವರ ಸಾಲಿನಲ್ಲೇ ಕುಕ್ಕರಗಾಲಲ್ಲಿ ಕೂತು ಖೋ ಸಿಗುವುದನ್ನು ಕಾಯುವಾಗ ನನಗೆ ಯಾವ ಬಿಲ್ಡಿಂಗೂ ನೆನಪಾಗುತ್ತಿರಲಿಲ್ಲ... ಎರಡು ವರ್ಷ ಹೋದೆ. ಆ ಎರಡು ವರ್ಷ ನನ್ನ ಸಕ್ಕರೆ ಏರಲಿಲ್ಲ.

ರಿಜಿಸ್ಟರಿನಲ್ಲಿ ಹೆಂಗಸರ ಹೆಸರು ಬರೆಯದಿರಲು ಕಾರಣವಿತ್ತು. ಮೊದಮೊದಲು ಕಾಕಾ ಬರೆಯುತ್ತಿದ್ದನಂತೆ. ವಾಕಿಂಗಿನ ಯಾರೋ ಒಬ್ಬರು ರಿಜಿಸ್ಟರು ತಿರುವಿ ಹಾಕಿ, ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದರು. "ಸೊಂಟ ನೋವು ಅಂತ ರಜಾ ಕೇಳತಿ, ಕುಣಿಯಾಕ ಸೊಂಟ ಇರತದೇನು?" ಎಂದು ಆ ಮನೆಯಾಕೆ ಕೆಲಸದವಳನ್ನು ಬಿಡಿಸಿದ್ದರು. ಅಂದಿನಿಂದ ಆ ಜಾಗದಲ್ಲಿ ಗೆರೆ ಮಾತ್ರ. "ಬರದದ್ದನ್ನ ಓದತಾರ್ರೀ. ಬರೀದಿದ್ರ ಯಾರ ಓದತಾರ?" ಎನ್ನುವುದು ಕಾಕಾನ ಲೆಕ್ಕಾಚಾರ. ಅದು ಸರಿಯಾಗಿಯೂ ಇತ್ತು, ಆ ಒಂದು ದಿನ ಬರುವವರೆಗೆ.

ಆಮೇಲೆ ಪಾಲಿಕೆಗೆ ಮೈದಾನದ ನೆಪ್ಪಾಯಿತು. ವಾರ್ಡಿನ ನಿಧಿಯಿಂದ ಹಣ ಮಂಜೂರಾಗಿದೆ, ದೀಪ, ಗೋಡೆ, ಹಸಿರು ಹಾಸು ಎಲ್ಲ ಬರುತ್ತದೆ, ಆದರೆ ಇಲ್ಲಿಯ ನಿವಾಸಿಗಳೇ ಸಮಿತಿ ಮಾಡಿಕೊಂಡು ನೋಡಿಕೊಳ್ಳಬೇಕು ಎಂದರು. ಸಮಿತಿ ಅಂದರೆ ನಾಲ್ಕು ಬಿಲ್ಡಿಂಗಿನವರು. ಚಾಳಿನವರನ್ನು ಬೇಡ ಎಂದು ಯಾರೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿಯೇ ಅದಕ್ಕೂ ಮುಖ್ಯಸ್ಥರಾದರು. ಅರ್ಜಿಯ ಜೊತೆಗೆ ಮೈದಾನವನ್ನು ಯಾರು ಯಾವ ಹೊತ್ತಿಗೆ ಬಳಸುತ್ತಾರೆ ಎನ್ನುವ ಪಟ್ಟಿ ಕೊಡಬೇಕಿತ್ತು. ಅವರು ಮನೆಗೇ ಬಂದು, "ಭಾಭೀಜಿ, ಆಪ್‌ಕಾ ಅಕ್ಷರ್ ಅಚ್ಛಾ ಹೈ, ಬಸ್ ಕಾಪಿ ಕರ್‌ನಾ ಹೈ," ಎಂದು ನಕಲು ಮಾಡಲು ರಿಜಿಸ್ಟರನ್ನು ನನ್ನ ಕೈಗಿಟ್ಟು ಹೋದರು.

ಊಟದ ಟೇಬಲ್ಲಿನ ಮೇಲೆ ಹಾಳೆ ಹಾಸಿ, ಸ್ಕೇಲಿನಿಂದ ಗೆರೆ ಹೊಡೆದು ಬರೆದೆ. ಮೂರರಿಂದ ನಾಲ್ಕೂವರೆಯ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಮಹಿಳೆಯರು ಎಂದು ಬರೆದರೆ ಯಾವ ಮಹಿಳೆಯರು ಎಂದು ಕೇಳುತ್ತಾರೆ. ನೀಲವ್ವ ಸಂಜೆ ಆ ಸೆಕ್ರೆಟರಿಯ ಮನೆಯಲ್ಲೇ ಚಪಾತಿ ಲಟ್ಟಿಸುತ್ತಿದ್ದಳು. ಕಾಕಾ ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ನಾನು ಬಯಲು ಮಾಡುವುದೇ? ಕಾಕಾ ಎಳೆದಂತೆ ನಾನೂ ಒಂದು ಅಡ್ಡಗೆರೆ ಎಳೆದೆ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಆ ಹೆಂಗಸರಲ್ಲಿ ಒಬ್ಬರನ್ನಾದರೂ ಕೇಳಬೇಕು ಅನ್ನಿಸಲಿಲ್ಲ. ಕಾಕಾನನ್ನೂ ಕೇಳಲಿಲ್ಲ.

ಸೊಸೈಟಿಯ ಆಫೀಸಿನಲ್ಲಿ ಸಭೆಯಾಯಿತು. ಕಾಕಾನನ್ನೂ ಕರೆಸಿದ್ದರು, ಬಾಗಿಲ ಹತ್ತಿರ ನಿಂತಿದ್ದ. ಸೆಕ್ರೆಟರಿ ನನ್ನ ಪಟ್ಟಿಯನ್ನು ಎತ್ತಿ ತೋರಿಸಿ, ಮಧ್ಯಾಹ್ನವೆಲ್ಲ ಮೈದಾನ ಸುಮ್ಮನೆ ಬಿದ್ದಿರುತ್ತದೆ, ಆ ಹೊತ್ತನ್ನು ಒಂದು ಕ್ರಿಕೆಟ್ ಕೋಚಿಂಗಿಗೆ ಕೊಟ್ಟರೆ ಬರುವ ಫೀಯಿಂದ ನಿರ್ವಹಣೆ ನಡೆಯುತ್ತದೆ ಎಂದರು. ಎಲ್ಲರೂ ತಲೆಯಾಡಿಸಿದರು. ನನ್ನ ಮನೆಯವರೂ.

ಆಗ ಕಾಕಾ ತನ್ನ ಹರಕುಮುರುಕು ಹಿಂದಿಯಲ್ಲಿ, ಆ ಹೊತ್ತಿಗೆ ಹೆಣ್ಣುಮಕ್ಕಳು ಆಡಲು ಬರುತ್ತಾರೆ ಸಾಹೇಬರೇ, ಅದನ್ನೊಂದು ಬಿಟ್ಟುಬಿಡಿ ಎಂದ.

ಯಾವ ಹೆಣ್ಣುಮಕ್ಕಳು ಎಂದು ಸೆಕ್ರೆಟರಿ ಕೇಳಿದರು. ಕಾಕಾ ಹೆಸರು ಹೇಳಲಿಲ್ಲ. ಅದು ಪಟ್ಟಿಯಲ್ಲಿ ಯಾಕಿಲ್ಲ ಎಂದು ಕೇಳಿದರು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡನೇ ಸಾಲಿನಲ್ಲಿದ್ದೆ. ಎದ್ದು ನಿಂತು, ನಾನೂ ಆಡುತ್ತೇನೆ, ನನ್ನ ಹೆಸರು ಬರೆದುಕೊಳ್ಳಿ ಎಂದಿದ್ದರೆ ಸಾಕಾಗಿತ್ತು. ಉಳಿದ ಯಾರ ಹೆಸರನ್ನೂ ಹೇಳಬೇಕಾಗಿರಲಿಲ್ಲ. ಇದು ನನಗೆ ಈಗ ಹೊಳೆಯುತ್ತದೆ. ಆಗ ಹೊಳೆದದ್ದು ಪಕ್ಕದಲ್ಲಿ ಕೂತ ಮನೆಯವರ ಮುಖ, ಮುಂದೆ ಕೂತ ಸೆಕ್ರೆಟರಿಯ ಹೆಂಡತಿಯ ಮುಖ... ನಾನು ಸೆರಗಿನ ತುದಿಯನ್ನು ಸುತ್ತುತ್ತ ಕೂತೆ.

ಕಾಕಾ ನನ್ನತ್ತ ಒಮ್ಮೆಯೂ ನೋಡಲಿಲ್ಲ. "ನಾ ಬರಿಯಾಕ ಮರತೀನ್ರಿ," ಎಂದು ಕನ್ನಡದಲ್ಲೇ ಹೇಳಿ, ನೆನಪಾದವನಂತೆ ಹಿಂದಿಯಲ್ಲಿ ಮತ್ತೆ ಹೇಳಿದ, "ಲಿಖ್‌ನಾ ಭೂಲ್ ಗಯಾ ಸಾಬ್."

ಇಷ್ಟು ವರ್ಷ ಮರೆತೆಯಾ ಎಂದು ಯಾರೋ ನಕ್ಕರು. ರಿಜಿಸ್ಟರನ್ನೇ ಸರಿಯಾಗಿ ಇಡಲಾರದವನ ಕೈಯಲ್ಲಿ ಹೊಸ ಮೈದಾನವನ್ನು ಹೇಗೆ ಕೊಡುವುದು ಎಂಬ ಮಾತು ಅಲ್ಲೇ ಬಂತು. ಮುಂದಿನ ತಿಂಗಳಿನಿಂದ ಸೆಕ್ಯುರಿಟಿ ಏಜೆನ್ಸಿಯ ಇಬ್ಬರು ಬಂದರು, ನೀಲಿ ಸಮವಸ್ತ್ರ ಹಾಕಿಕೊಂಡು. ಹಸಿರು ಹಾಸು ಬಂತು, ಬಿಳಿ ದೀಪಗಳು ಬಂದವು, ಪಾಳಿಯನ್ನು ಮೊಬೈಲಿನಲ್ಲಿ ಹಿಡಿಯುವುದು ಶುರುವಾಯಿತು. ಚಾಳಿನ ಹುಡುಗರು ಸಂಜೆ ಹೊರಗೆ ರಸ್ತೆಯ ಮೇಲೆ ಇಟ್ಟಿಗೆ ಇಟ್ಟುಕೊಂಡು ಆಡತೊಡಗಿದರು.

ಹೆಂಗಸರು ಒಂದು ವಾರ ಬಂದು ನೋಡಿ ಹೋದರಂತೆ. ನಾನು ಹೋಗಲಿಲ್ಲ. ಆ ಹೊತ್ತನ್ನು ಹೆಂಗಸರಿಗೆ ಬಿಡಿ ಎಂದು ಎರಡು ಸಲ ಅರ್ಜಿ ಬರೆಯಲು ಕೂತೆ. ಕೆಳಗೆ ಹೆಸರು ಬರೆಯಬೇಕಾದಲ್ಲಿಗೆ ಬಂದು ಎದ್ದೆ. ಮಗಳ ಪರೀಕ್ಷೆ ಬಂತು, ಅತ್ತೆಯವರ ಆಸ್ಪತ್ರೆ ಬಂತು, ಆಮೇಲೆ ಮೊಣಕಾಲ ನೋವೂ ಬಂತು.

ಕಾಕಾನನ್ನು ಮತ್ತೆ ನೋಡಿದ್ದು ಒಮ್ಮೆ ಮಾತ್ರ, ಸ್ಟೇಶನ್ನಿನ ಸೇತುವೆಯ ಮೇಲೆ. ಪವಾಯಿಯ ಕಡೆ ಯಾವುದೋ ಕಾಂಪ್ಲೆಕ್ಸಿನಲ್ಲಿ ಪಾರ್ಕಿಂಗ್ ಕಾಯುವ ಕೆಲಸ ಸಿಕ್ಕಿದೆ ಎಂದ. ನಾನು ಕ್ಷಮಿಸು ಅನ್ನಬೇಕಿತ್ತು. ಜನ ನೂಕುತ್ತಿದ್ದರು. ಅವನೇ ಕೇಳಿದ, "ಆಡೂದ ಬಿಟ್ರೇನ್ ತಂಗೀ?" ಬಾಯಾರ ಅನ್ನುತ್ತಿದ್ದವನು ಅಂದು ತಂಗೀ ಅಂದ. ಹೂಂ ಕಾಕಾ ಅಂದೆ. "ಬಿಡಬಾರದಿತ್ತು," ಎಂದು ಹೇಳಿ ಲೋಕಲ್ ಹಿಡಿಯಲು ಇಳಿದುಹೋದ.

ಇಂದು ರಬ್ಬರು ತಂದು ಮನೆಗೆ ಬಂದಾಗ ನೀಲವ್ವ ಬಂದಿದ್ದಳು. ಈಗ ಅವಳಿಗೂ ಮೊಣಕಾಲು ನೋವು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಹೇಳಿದೆ. ಆ ಪಟ್ಟಿ ಬರೆದವಳು ನಾನೇ ಎಂದು. ಸಭೆಯಲ್ಲಿ ಬಾಯಿ ಬಿಡದೆ ಕೂತವಳೂ ನಾನೇ ಎಂದು.

ಭಾಂಡೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಲಿಲ್ಲ. "ಗೊತ್ತೈತ್ರಿ," ಅಂದಳು.

"ಯಾರ ಹೇಳಿದ್ರು?"

"ಕಾಕಾನ ಹೇಳಿದ್ದ. ನಾವ್ ನಿಮ್ಮ ಬಿಲ್ಡಿಂಗಿನ ಕೆಲಸ ಬಿಡೂನು ಅಂತ ಮಾಡಿದ್ವಿ. ನಾನು, ಮ್ಯಾಲಿನ ಮನಿ ಕೆಲಸದಾಕಿ, ಎಲ್ಲಾರೂ. ಕಾಕಾ ಬೈದಾ. 'ಆಕಿನೂ ನಿಮ್ಮ ಜೋಡಿ ಮಣ್ಣಾಗ ಕುಂತಾಕಿ, ಆಕಿ ಹೆಸರೂ ನಾ ಬರದಿಲ್ಲ, ಮಂದ್ಯಾಗ ತನ್ನ ಹೆಸರ ತಾನ ಹ್ಯಾಂಗ ಹೇಳತಾಳ,' ಅಂದಾ."

ಕಾಕಾ ಈಗ ಎಲ್ಲಿದ್ದಾನೆ ಎಂದು ಕೇಳಿದೆ. ಒಮ್ಮೆ ಹೋಗಿ ಬರೋಣವೇ ಎಂದೆ. ನೀಲವ್ವ ಆಗ ನಲ್ಲಿ ನಿಲ್ಲಿಸಿದಳು.

"ಹ್ವಾದ ಚಳಿಗಾಲದಾಗ ಊರಾಗ ತೀರಕೊಂಡಾ. ನಿಮಗ ಹೇಳಿದ್ನಲ್ಲರೀ?"

ಹೇಳಿರಲಿಲ್ಲ. ಹೇಳಬೇಕಾದವರ ಲೆಕ್ಕದಲ್ಲಿ ನಾನಿದ್ದೇನೆಂದು ಅವಳಿಗಾದರೂ ಯಾಕೆ ಅನ್ನಿಸಬೇಕು...

ಮಧ್ಯಾಹ್ನ ಅವಳನ್ನು ಹೋಗಗೊಡಲಿಲ್ಲ. ಅವಳ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿಯಿದ್ದವು, ನಾನು ಮೆಂತ್ಯಸೊಪ್ಪಿನ ಬ್ಯಾಳಿ ಮಾಡಿದ್ದೆ, ಜೊತೆಗೆ ಮೊಸರು, ಶೇಂಗಾ ಚಟ್ನಿ. ಇಬ್ಬರೂ ನೆಲದ ಮೇಲೆ ಕೂತು ಉಂಡೆವು. ಮೂರು ಗಂಟೆಯ ಹೊತ್ತಿಗೆ, ಐದು ನಿಮಿಷ ಅಡ್ಡಾಗತೀನ್ರಿ ಎಂದು ಹೇಳಿ ಅವಳು ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ನಾನೂ ಪಕ್ಕದಲ್ಲಿ ಮಲಗಿದೆ. ಮೊದಲು ನಿದ್ದೆ ಹೋದವಳು ನೀಲವ್ವ. ನನಗೆ ಬಹಳ ಹೊತ್ತು ಬರಲಿಲ್ಲ.